ಬರುವ ಜೂನ್‌ಗೆ ಕಲಿಸಲು ಯಾರಿರುತ್ತಾರೆ? ಶಾಲಾ ಶಿಕ್ಷಣ ಸಚಿವರಿಗೆ ಒಂದು ಬಹಿರಂಗ ಪತ್ರ

ಮಾನ್ಯ ಶಾಲಾ ಶಿಕ್ಷಣ ಸಚಿವರಿಗೆ ಮತ್ತು ಡಿಎಸ್‌ಇಆರ್‌ಟಿ (ರಾಜ್ಯ ಶಿಕ್ಷಣ ಸಂಶೋಧನೆ ಮತ್ತು ತರಬೇತಿ ಇಲಾಖೆ) ನಿರ್ದೇಶಕರಿಗೆ,

ನಮಸ್ಕಾರ. ಹಳ್ಳಿಯ ಪಕ್ಕದ ಒಂದು ಸಣ್ಣ ಪರ್ಯಾಯ ಶಾಲೆಯಲ್ಲಿ ಕಲಿಸುವವಳು ನಾನು. ಕನ್ನಡ ಮಾಧ್ಯಮದ ಶಾಲೆ. ಇಲಾಖೆಯ ಮಾನ್ಯತೆ ಇದೆ, ಸರ್ಕಾರಿ ಶಾಲಾ ದಾಖಲೆಯ ಯೂ-ಡೈಸ್ ನಂಬರ್ ಇದೆ, ಇಲಾಖೆಯ ಸಂಪನ್ಮೂಲ ವ್ಯಕ್ತಿ ಸಿಆರ್‌ಪಿ ಬಂದು ಹೋಗುತ್ತಾರೆ. ಮಕ್ಕಳು ನಮ್ಮನ್ನು ಅಕ್ಕ, ಅಣ್ಣ ಅಂತ ಕರೆಯುತ್ತಾರೆ. ಬೇರೆ ಬೇರೆ ವಯಸ್ಸಿನವರು ಒಂದೇ ಕೋಣೆಯಲ್ಲಿ ಕೂತು ಕಲಿಯುತ್ತಾರೆ.

ಇಂಥ ಶಾಲೆ ಅಂದ ಕೂಡಲೇ ಜನ ಕೇಳುವ ಪ್ರಶ್ನೆ ಗೊತ್ತೇ ಇದೆ. "ಮುಂದೆ ಎಸ್ಸೆಸ್ಸೆಲ್ಸಿಗೆ ಏನ್ ಮಾಡ್ತಾರೆ?" ಅದಕ್ಕೆ ನಮ್ಮ ಹತ್ತಿರ ಉತ್ತರ ಇದೆ. ನಿದ್ದೆ ಕೆಡಿಸುವ ಪ್ರಶ್ನೆ ಬೇರೆ: ಬರುವ ಜೂನ್‌ಗೆ ಕಲಿಸಲು ಯಾರಿರುತ್ತಾರೆ?

ನಾನು ವಿನಾಯಿತಿ ಕೇಳಲು ಬರೆಯುತ್ತಿಲ್ಲ. ಇದನ್ನು ಮೊದಲೇ ಹೇಳಿಬಿಡುತ್ತೇನೆ. ಪರ್ಯಾಯ ಶಾಲೆಯವರು ಪತ್ರ ಬರೆದರೆ ಸಾಕು, "ಇವರಿಗೆ ಕಾನೂನು ಬೇಡವಂತೆ" ಅಂತ ಕಚೇರಿಗಳಲ್ಲಿ ಅಂದುಕೊಳ್ಳುತ್ತಾರೆ. ತಯಾರಿ ಇಲ್ಲದವರು ಮಕ್ಕಳ ಮುಂದೆ ನಿಲ್ಲಬಾರದು ಅನ್ನುವುದನ್ನು ನಾನೂ ಒಪ್ಪುತ್ತೇನೆ. ನನ್ನ ಮಾತು ಇಷ್ಟೇ. ನಮ್ಮಂಥ ಶಾಲೆಗಳ ಶಿಕ್ಷಕರು ತಯಾರಾಗುವುದು ಶಾಲೆಯ ಒಳಗೇ, ಅನುಭವ ಇರುವ ಇನ್ನೊಬ್ಬ ಶಿಕ್ಷಕರ ಪಕ್ಕದಲ್ಲಿ ಕೂತು. ಆ ತಯಾರಿಯನ್ನು ಸರ್ಕಾರ ತನ್ನ ಶಿಕ್ಷಕರ ಡಿಪ್ಲೊಮಾದ ಲೆಕ್ಕಕ್ಕೆ ತೆಗೆದುಕೊಳ್ಳಬೇಕು.

ಇದು ಹೊಸ ಮಾತೂ ಅಲ್ಲ, ಹೊರಗಿನ ಮಾತೂ ಅಲ್ಲ. ನಿಮ್ಮ ಇಲಾಖೆಯ ಚರಿತ್ರೆಯಲ್ಲೇ ಇದೆ.

1972ರಲ್ಲಿ ಕೋಲಾರ ಜಿಲ್ಲೆಯ ರಾಯಲ್ಪಾಡಿನಲ್ಲಿ ಡೇವಿಡ್ ಹಾರ್ಸ್‌ಬರ್ಗ್ ಅನ್ನುವವರು ನೀಲ್‌ಬಾಗ್ ಅನ್ನುವ ಶಾಲೆ ತೆರೆದರು. ಆಂಧ್ರದ ಗಡಿಗೆ ಅಂಟಿಕೊಂಡ ಬರಗಾಲದ ಸೀಮೆ ಅದು. ಸುತ್ತಲಿನ ಹಳ್ಳಿ ಮಕ್ಕಳು ಬರುತ್ತಿದ್ದರು. ತರಗತಿಗಳ ವಿಂಗಡಣೆ ಇರಲಿಲ್ಲ, ಒಂದೊಂದು ಮಗು ತನ್ನ ವೇಗದಲ್ಲಿ ಕಲಿಯುತ್ತಿತ್ತು. ಅಲ್ಲೇ ಶಿಕ್ಷಕರೂ ತಯಾರಾಗುತ್ತಿದ್ದರು. ಒಂದು ಸಲಕ್ಕೆ ಕೆಲವೇ ಜನ. ಅಲ್ಲೇ ಉಳಿದುಕೊಂಡು, ಮಕ್ಕಳ ಜೊತೆ ಕೆಲಸ ಮಾಡುತ್ತಾ ಕಲಿಸುವುದನ್ನು ಕಲಿತರು. ಹಾರ್ಸ್‌ಬರ್ಗ್ 1984ರಲ್ಲಿ ತೀರಿಕೊಂಡರು. ಆದರೆ ಅಲ್ಲಿ ತಯಾರಾದವರು ಬೇರೆ ಕಡೆ ಹೋಗಿ ಶಾಲೆ ಕಟ್ಟಿದರು. ಬೆಂಗಳೂರಿನ ವಿಕಾಸನ ಅದಕ್ಕೆ ಒಂದು ಉದಾಹರಣೆ.

ಅದೇ ವಿಚಾರದ ಪ್ರಭಾವ ಮದನಪಲ್ಲಿ ಹತ್ತಿರದ ರಿಷಿ ವ್ಯಾಲಿಯ ಮೇಲೂ ಆಯಿತು. ಅಲ್ಲಿ ಪದ್ಮನಾಭ ರಾವ್ ಮತ್ತು ರಮಾ ಅವರು ಸುತ್ತಲಿನ ಹಳ್ಳಿಗಳಲ್ಲಿ ಏಕೋಪಾಧ್ಯಾಯ ಶಾಲೆಗಳನ್ನು ಕಟ್ಟಿದರು. ಕಲಿಕೆಯನ್ನು ಸಣ್ಣ ಸಣ್ಣ ಮೆಟ್ಟಿಲು ಮಾಡಿ, ಕಾರ್ಡುಗಳನ್ನು ಮಾಡಿ, ಅಲ್ಲಿಯದೇ ಹಳ್ಳಿಯ ಯುವಕ ಯುವತಿಯರನ್ನು ಶಿಕ್ಷಕರನ್ನಾಗಿ ತಯಾರು ಮಾಡಿದರು. 1995ರಲ್ಲಿ ಹೆಗ್ಗಡದೇವನಕೋಟೆಯ ಕೆಲವು ಸರ್ಕಾರಿ ಶಿಕ್ಷಕರು ಆ ಹಳ್ಳಿ ಶಾಲೆಗಳನ್ನು ಹೋಗಿ ನೋಡಿದರು. ವಾಪಸ್ ಬಂದು, ಯುನಿಸೆಫ್ ನೆರವಿನಲ್ಲಿ, ತಮ್ಮದೇ ಕನ್ನಡದ ಕಾರ್ಡುಗಳನ್ನು ತಾವೇ ಕೂತು ಮಾಡಿಕೊಂಡರು. ಅದೇ ನಲಿ-ಕಲಿ. 2009-10ರ ಹೊತ್ತಿಗೆ ಅದು ರಾಜ್ಯದ ಎಲ್ಲ ಸರ್ಕಾರಿ ಕನ್ನಡ ಶಾಲೆಗಳ ಒಂದು, ಎರಡನೇ ತರಗತಿಗೆ ಬಂತು.

ಅಂದರೆ ಇವತ್ತು ರಾಜ್ಯದ ಮೂಲೆಮೂಲೆಯ ಸರ್ಕಾರಿ ಶಾಲೆಯಲ್ಲಿ ಮಗು ಕಲಿಕಾ ಏಣಿಯ (ಆ ಮೆಟ್ಟಿಲುಗಳನ್ನು ತೋರಿಸುವ ಪಟದ) ಮುಂದೆ ನಿಂತು ತನ್ನ ಮೈಲಿಗಲ್ಲು ಹುಡುಕುತ್ತಿದ್ದರೆ, ಅದರ ಬೇರು ಒಂದು ಪರ್ಯಾಯ ಶಾಲೆಯ ಶಿಕ್ಷಕರ ತಯಾರಿಯಲ್ಲಿದೆ. ಹೆಚ್.ಡಿ. ಕೋಟೆಯ ಆ ಶಿಕ್ಷಕರು ಹೋಗಿ ನೋಡಿದರು, ಕೂತು ಮಾಡಿದರು, ತಮ್ಮ ತರಗತಿಯಲ್ಲಿ ಪ್ರಯೋಗ ಮಾಡಿ ತಿದ್ದಿಕೊಂಡರು. ಯೋಜನೆ ರಾಜ್ಯಕ್ಕೆಲ್ಲ ಹಬ್ಬಿದಾಗ ಕಾರ್ಡು, ಏಣಿ, ಮಕ್ಕಳ ಕೆಲಸ ತೂಗುಹಾಕುವ ಚಪ್ಪರ ಎಲ್ಲ ಊರೂರಿಗೆ ಹೋದವು. ಆ ಹೋಗಿ-ನೋಡಿ-ಮಾಡುವ ಕಾಲಾವಕಾಶ ಮಾತ್ರ ಅಷ್ಟು ದೂರ ಹೋಗಲಿಲ್ಲ ಅಂತ ನನ್ನ ಅಭಿಪ್ರಾಯ. ಯಾವುದೇ ಹಳೆಯ ನಲಿ-ಕಲಿ ಮೇಷ್ಟ್ರನ್ನು ಕೇಳಿ ನೋಡಿ, ಅವರೇ ಹೇಳುತ್ತಾರೆ.

ಈಗ ಕಾನೂನಿಗೆ ಬರೋಣ. 2009ರ ಶಿಕ್ಷಣ ಹಕ್ಕು ಕಾಯ್ದೆಯ 23ನೇ ಸೆಕ್ಷನ್ ಪ್ರಕಾರ ಶಿಕ್ಷಕರ ಅರ್ಹತೆ ನಿಗದಿ ಮಾಡುವುದು ಎನ್‌ಸಿಟಿಇ, ಅಂದರೆ ರಾಷ್ಟ್ರೀಯ ಶಿಕ್ಷಕರ ಶಿಕ್ಷಣ ಪರಿಷತ್ತು. 2010ರ ಆಗಸ್ಟ್‌ನಿಂದ ಟಿಇಟಿ (ಶಿಕ್ಷಕರ ಅರ್ಹತಾ ಪರೀಕ್ಷೆ) ಬಂತು. ಒಂದರಿಂದ ಐದನೇ ತರಗತಿಗೆ ಕಲಿಸಲು ಎರಡು ವರ್ಷದ ಡಿ.ಎಲ್.ಎಡ್ (ಪ್ರಾಥಮಿಕ ಶಿಕ್ಷಕರ ಡಿಪ್ಲೊಮಾ) ಬೇಕು, ಮೇಲೆ ಟಿಇಟಿ ಪಾಸಾಗಬೇಕು. ಬಿ.ಎಡ್ ಇದ್ದರೂ ನಡೆಯುತ್ತದೆ ಅಂತ 2018ರಲ್ಲಿ ಎನ್‌ಸಿಟಿಇ ಹೇಳಿತ್ತು. 2023ರ ಆಗಸ್ಟ್‌ನಲ್ಲಿ ಸುಪ್ರೀಂ ಕೋರ್ಟ್ ಆ ಬಾಗಿಲು ಮುಚ್ಚಿತು. ಸಣ್ಣ ಮಕ್ಕಳಿಗೆ ಕಲಿಸುವುದು ಬೇರೆಯೇ ವಿದ್ಯೆ, ಬಿ.ಎಡ್ ಅದಕ್ಕೆ ತಯಾರು ಮಾಡುವುದಿಲ್ಲ ಅನ್ನುವುದು ಅದರ ತಿರುಳು. ನಿಜ ಹೇಳಬೇಕೆಂದರೆ ಆ ತೀರ್ಪು ಓದಿ ನನಗೆ ಖುಷಿಯೇ ಆಯಿತು. ಒಂದನೇ ಕ್ಲಾಸಿಗೆ ಯಾರಾದರೂ ನಡೆಯುತ್ತದೆ ಅನ್ನುವ ಭಾವನೆ ನಮ್ಮ ದೇಶದ ದೊಡ್ಡ ರೋಗ, ಅಲ್ವಾ? ಆಮೇಲೆ 2025ರ ಸೆಪ್ಟೆಂಬರ್ 1ರ ತೀರ್ಪು ಬಂತು. ನಿವೃತ್ತಿಗೆ ಐದು ವರ್ಷಕ್ಕಿಂತ ಜಾಸ್ತಿ ಇರುವ ಹಳೆಯ ಶಿಕ್ಷಕರೂ ಎರಡು ವರ್ಷದೊಳಗೆ ಟಿಇಟಿ ಪಾಸಾಗಬೇಕು ಅಂದಿತು. ಅದನ್ನು ಓದಿ ನಮ್ಮ ಸ್ಟಾಫ್ ರೂಮ್ ಸ್ವಲ್ಪ ಹೊತ್ತು ತಣ್ಣಗಾಯಿತು.

ಟಿಇಟಿ ಅಂದರೆ 150 ಪ್ರಶ್ನೆ, 150 ನಿಮಿಷ. ನಾಲ್ಕು ಉತ್ತರದಲ್ಲಿ ಒಂದನ್ನು ಆರಿಸುವುದು. ಶಿಶು ವಿಕಾಸದ ಬಗ್ಗೆಯೇ 30 ಪ್ರಶ್ನೆ ಇವೆ. ಅದನ್ನು ಬೇಡ ಅನ್ನುವುದಿಲ್ಲ. ಭಾಷೆ, ಗಣಿತ ಬರುತ್ತದೋ ಇಲ್ಲವೋ ಅನ್ನುವುದು ಅದರಿಂದ ಗೊತ್ತಾಗುತ್ತದೆ. ಬೆಳಿಗ್ಗೆಯಿಂದ ಮೂಲೆಯಲ್ಲಿ ಮುಖ ತಿರುಗಿಸಿ ಕೂತ ಮಗುವಿನ ಹತ್ತಿರ ಯಾವಾಗ ಹೋಗಬೇಕು, ಯಾವಾಗ ಹೋಗಬಾರದು ಅನ್ನುವುದು ಗೊತ್ತಾಗುವುದಿಲ್ಲ. ಅದು ತಿಳಿಯುವುದು ತರಗತಿಯಲ್ಲಿ ಮಾತ್ರ. ಸರ್ಕಾರಿ ಶಾಲೆಗೂ ಈ ಮಾತು ಅನ್ವಯಿಸುತ್ತದೆ. ನಮ್ಮ ಶಾಲೆಗಳಲ್ಲಿ ಇದು ಇನ್ನೂ ಜಾಸ್ತಿ, ಯಾಕೆಂದರೆ ನಮ್ಮಲ್ಲಿ ಪಠ್ಯಪುಸ್ತಕದ ಮರೆಯಲ್ಲಿ ಅಡಗಿಕೊಳ್ಳಲು ಆಗುವುದಿಲ್ಲ. ಇವತ್ತು ಏನು ಮಾಡಬೇಕು ಅನ್ನುವುದನ್ನು ಶಿಕ್ಷಕಿಯೇ ತೀರ್ಮಾನಿಸಬೇಕು. ಕೆರೆಯಂಗಳಕ್ಕೆ ಹೋಗಿ ಬಂದ ಮಕ್ಕಳ ಮಾತಿನಿಂದಲೇ ಗಣಿತ ತೆಗೆಯಬೇಕು. ಅದು ಬರಲು ಒಂದೆರಡು ವರ್ಷ ಹಿಡಿಯುತ್ತದೆ, ಅದೂ ಪಕ್ಕದಲ್ಲಿ ಒಬ್ಬರು ಇದ್ದರೆ.

ನಮ್ಮ ಹತ್ತಿರ ಯಾರು ಬರುತ್ತಾರೆ ಅನ್ನುವುದನ್ನು ಸ್ವಲ್ಪ ವಿವರವಾಗಿ ಹೇಳಬೇಕು. ಕಚೇರಿಯ ಫಾರಂನಲ್ಲಿ ಇದು ಕಾಣುವುದಿಲ್ಲ.

ಬೆಂಗಳೂರಿನ ಕೆಲಸ ಬಿಟ್ಟು ಬರುವವರು ಇದ್ದಾರೆ. ಓದಿಕೊಂಡಿರುತ್ತಾರೆ, ಉತ್ಸಾಹ ಇರುತ್ತದೆ, ಪರ್ಯಾಯ ಶಿಕ್ಷಣದ ಇಂಗ್ಲಿಷ್ ಪುಸ್ತಕಗಳೆಲ್ಲ ಬಾಯಿಪಾಠ. ಎರಡನೇ ಮಳೆಗಾಲದ ಹೊತ್ತಿಗೆ ಅರ್ಧ ಜನ ಹೊರಟಿರುತ್ತಾರೆ. ಉಳಿದವರು ಬಂಗಾರದಂಥವರು. ಆದರೆ ಮೂವತ್ತೈದು ದಾಟಿದವರು ಮತ್ತೆ ಎರಡು ವರ್ಷ ಕೆಲಸ ಬಿಟ್ಟು ಡಿ.ಎಲ್.ಎಡ್ ಮಾಡಿಕೊಂಡು ಬರುವುದು ಹೇಗೆ? ಮಾಂಟೆಸ್ಸರಿ ಡಿಪ್ಲೊಮಾ ಮಾಡಿಕೊಂಡು ಬಂದವರೂ ಇದ್ದಾರೆ. ಒಂದನೇ ತರಗತಿಯ ಲೆಕ್ಕದಲ್ಲಿ ಆ ಡಿಪ್ಲೊಮಾಕ್ಕೆ ಬೆಲೆ ಇಲ್ಲ.

ಇನ್ನು ಡಿ.ಎಲ್.ಎಡ್ ಮುಗಿಸಿ, ಸರ್ಕಾರಿ ನೇಮಕಾತಿಗೆ ಕಾಯುತ್ತಾ, ಮಧ್ಯದಲ್ಲಿ ನಮ್ಮಲ್ಲಿ ಕಲಿಸುವ ಹುಡುಗ ಹುಡುಗಿಯರು. ಕಾಗದದ ಪ್ರಕಾರ ಇವರೇ ಸರಿಯಾದವರು. ಆದರೆ ಅವರ ಡಿಪ್ಲೊಮಾದಲ್ಲಿ ನಮ್ಮಂಥ ತರಗತಿಯನ್ನು ಒಂದು ದಿನವೂ ನೋಡಿರುವುದಿಲ್ಲ. ಬಂದ ಹೊಸದರಲ್ಲಿ ಮಕ್ಕಳು ಪ್ರಶ್ನೆ ಕೇಳಿದರೆ ಗಾಬರಿ, ಮಕ್ಕಳು ಎದ್ದು ಓಡಾಡಿದರೆ ಸಿಟ್ಟು. ನಿಧಾನವಾಗಿ ಹದಕ್ಕೆ ಬರುತ್ತಾರೆ. ಅಷ್ಟರಲ್ಲಿ ನೇಮಕಾತಿಯ ಅಧಿಸೂಚನೆ ಬರುತ್ತದೆ. 2022ರಲ್ಲಿ ಸರ್ಕಾರ 15,000 ಪದವೀಧರ ಶಿಕ್ಷಕರ ಹುದ್ದೆಗೆ ಅರ್ಜಿ ಕರೆದಾಗ ಖಾಸಗಿ ಶಾಲೆಗಳಿಗೆ ಆದ ತಳಮಳ ನಮಗೂ ಆಯಿತು. ಹೋಗುವವರನ್ನು ನಾನು ಯಾವತ್ತೂ ತಡೆದಿಲ್ಲ. ಸಂಬಳ, ಮನೆ, ಮದುವೆ, ಅಪ್ಪ ಅಮ್ಮನ ಆಸ್ಪತ್ರೆ ಖರ್ಚು ಎಲ್ಲ ಇದೆ. "ಹುಡುಗ ಯಾವುದೋ ಶಾಲೇಲಿ ಮಕ್ಕಳ ಜೊತೆ ಮಣ್ಣಾಟ ಆಡ್ತಾನಂತೆ" ಅಂತ ಹೆಣ್ಣಿನ ಕಡೆಯವರು ವಾಪಸ್ ಹೋದ ಕಥೆ ನಮ್ಮ ಬಳಗದ ಎಲ್ಲ ಶಾಲೆಯಲ್ಲೂ ಒಂದೊಂದು ಇರುತ್ತದೆ. ಇದರಲ್ಲಿ ಸಮಾಧಾನ ಒಂದೇ: ನಮ್ಮಲ್ಲಿ ಹದವಾದವರು ಸರ್ಕಾರಿ ಶಾಲೆಗೆ ಹೋಗುತ್ತಾರೆ. ಅಲ್ಲಿನ ಮಕ್ಕಳಿಗೆ ಒಳ್ಳೆಯದೇ ಆಗುತ್ತದೆ. ಆದರೆ ಆ ತಯಾರಿಯ ಖರ್ಚು ಹೊತ್ತವರು ಯಾರು ಅಂತ ಯಾರಾದರೂ ಕೇಳಬೇಕಲ್ಲ.

ಉಳಿಯುವವರು ಊರಿನ ಹೆಣ್ಣುಮಕ್ಕಳು. ಪಿಯುಸಿ ಓದಿ ಮದುವೆಯಾಗಿ ಬಂದವರು, ತಮ್ಮ ಮಗುವನ್ನು ನಮ್ಮ ಶಾಲೆಗೆ ಸೇರಿಸಿ, ಬಾಗಿಲಲ್ಲಿ ನಿಂತು ನೋಡಿ, ಆಮೇಲೆ ಒಳಗೆ ಬಂದವರು. ಮಗು ಮನೆಯಲ್ಲಿ ಆಡುವ ಮಾತು ಇವರಿಗೆ ಗೊತ್ತು. ಯಾವ ಮನೆಯಲ್ಲಿ ರಾತ್ರಿ ಜಗಳ ಆಯಿತು ಅನ್ನುವುದೂ ಗೊತ್ತು. ಒಬ್ಬರಂತೂ ಭಿನ್ನರಾಶಿಯನ್ನು ರಾಗಿ ಅಳೆಯುವ ಸೇರು, ಪಾವು, ಚಟಾಕಿನಲ್ಲಿ ಕಲಿಸುವುದನ್ನು ನೋಡಬೇಕು ನೀವು. ಮಕ್ಕಳ ಹಿಂದೆ ಕೂತು ನಾನೂ ಕಲಿತಿದ್ದೇನೆ. ಅವರಿಗೆ ಪಿಯುಸಿಯಲ್ಲಿ 50 ಪರ್ಸೆಂಟ್ ಇಲ್ಲ. ಹಾಗಾಗಿ ಡಿ.ಎಲ್.ಎಡ್‌ಗೆ ಪ್ರವೇಶವೇ ಇಲ್ಲ. ನಮ್ಮ ಯೂ-ಡೈಸ್ ಪಟ್ಟಿಯಲ್ಲಿ ಅವರು ಸಹಾಯಕಿ. ಅಂಕ ಇರುವವರಿಗೂ ದಾರಿ ಸುಲಭ ಇಲ್ಲ. ಕಾಲೇಜು ಜಿಲ್ಲಾ ಕೇಂದ್ರದಲ್ಲಿ, ಹಗಲು ಪೂರ್ತಿ ಹಾಜರಿ ಬೇಕು. ಸುತ್ತಮುತ್ತಲಿನ ಡಿ.ಎಲ್.ಎಡ್ ಕಾಲೇಜುಗಳು ಸೇರುವವರಿಲ್ಲದೆ ಬಾಗಿಲು ಹಾಕುತ್ತಿವೆ. ಒಂದು ಕಡೆ ಕಾಲೇಜಿಗೆ ಜನ ಇಲ್ಲ, ಇನ್ನೊಂದು ಕಡೆ ಕಲಿಯಲು ಕಾದಿರುವವರಿಗೆ ಕಾಲೇಜು ಇಲ್ಲ. ಇದು ನನಗಂತೂ ಅರ್ಥವಾಗುವುದಿಲ್ಲ.

ಕೆಲಸದಲ್ಲಿ ಇದ್ದುಕೊಂಡೇ ಅರ್ಹತೆ ಪಡೆಯುವುದು ಆಗದ ಮಾತೇನಲ್ಲ. 2017ರಲ್ಲಿ ಕಾಯ್ದೆ ತಿದ್ದಿ, ತರಬೇತಿ ಇಲ್ಲದ ಶಿಕ್ಷಕರಿಗೆ 2019ರ ಮಾರ್ಚ್ 31ರ ತನಕ ಗಡುವು ಕೊಟ್ಟರು. ದೇಶದಲ್ಲಿ ಲಕ್ಷಾಂತರ ಜನ ಎನ್‌ಐಒಎಸ್ (ರಾಷ್ಟ್ರೀಯ ಮುಕ್ತ ಶಾಲಾ ಸಂಸ್ಥೆ) ಮೂಲಕ ಡಿ.ಎಲ್.ಎಡ್ ಮಾಡಿದರು. ಆ ಕೋರ್ಸ್ 18 ತಿಂಗಳದ್ದು, ಎರಡು ವರ್ಷದ್ದಕ್ಕೆ ಸಮ ಅಲ್ಲ ಅಂತ ಆಮೇಲೆ ತಕರಾರು ಎದ್ದು ಸುಪ್ರೀಂ ಕೋರ್ಟ್ ತನಕ ಹೋಯಿತು. ಈಗ ಬಿ.ಎಡ್ ಮೇಲೆ ನೇಮಕವಾದ ಪ್ರಾಥಮಿಕ ಶಿಕ್ಷಕರಿಗೂ ಆರು ತಿಂಗಳ ಬ್ರಿಡ್ಜ್ ಕೋರ್ಸ್ ಬಂದಿದೆ. ಎರಡೂ ದೂರಶಿಕ್ಷಣ. ಗಡುವು ಮುಗಿಯುವ ಗಡಿಬಿಡಿಯಲ್ಲಿ ಮಾಡಿದಂಥವು. ಬಹುಪಾಲು ವಿಡಿಯೊ ನೋಡುವುದು, ಅಸೈನ್‌ಮೆಂಟ್ ಬರೆಯುವುದು, ಪರೀಕ್ಷೆ ಕೊಡುವುದು. ಅದೇ ದಾರಿಯನ್ನು ಸಾವಧಾನವಾಗಿ, ಪೂರ್ತಿ ಎರಡು ವರ್ಷಕ್ಕೆ, ಡಯಟ್‌ಗಳ (ಜಿಲ್ಲಾ ಶಿಕ್ಷಣ ಮತ್ತು ತರಬೇತಿ ಸಂಸ್ಥೆಗಳ) ಕೈಗೆ ಕೊಟ್ಟರೆ? ಶಿಕ್ಷಕಿ ತನ್ನ ಶಾಲೆಯಲ್ಲೇ ಕಲಿಸುತ್ತಿರಲಿ. ಶನಿವಾರ, ಭಾನುವಾರ, ದಸರಾ ರಜೆ, ಬೇಸಿಗೆ ರಜೆಯಲ್ಲಿ ಡಯಟ್‌ಗೆ ಬರಲಿ. ಡಯಟ್‌ನ ಉಪನ್ಯಾಸಕರು ಆಗಾಗ ಅವಳ ತರಗತಿಗೆ ಬಂದು ಹಿಂದೆ ಕೂರಲಿ. ನಮ್ಮ ಹಿರಿಯ ಶಿಕ್ಷಕರಿಗೆ ಮಾರ್ಗದರ್ಶಕರ ಜವಾಬ್ದಾರಿ ಕೊಡಿ, ಅವರು ಬರೆದ ವರದಿಗೂ ಅಂಕ ಇರಲಿ. ಪರೀಕ್ಷೆ ನಿಮ್ಮದೇ ಇರಲಿ, ಟಿಇಟಿ ಇರಲಿ. ಮೈಸೂರಿನ ಆರ್‌ಐಇ (ಪ್ರಾದೇಶಿಕ ಶಿಕ್ಷಣ ಸಂಸ್ಥೆ) 1963ರಿಂದ ಶಿಕ್ಷಕರನ್ನು ತಯಾರು ಮಾಡುತ್ತಿದೆ, ತನ್ನ ಆವರಣದಲ್ಲೇ ಶಾಲೆ ಇಟ್ಟುಕೊಂಡು. ಕಾಲೇಜಿನ ಪಕ್ಕ ಶಾಲೆ ಇರಬಹುದಾದರೆ ಶಾಲೆಯ ಪಕ್ಕಕ್ಕೆ ಕಾಲೇಜು ಯಾಕೆ ಬರಬಾರದು?

ಹೊಸ ಕೋರ್ಸಿಗೆ ಎನ್‌ಸಿಟಿಇ ಒಪ್ಪಿಗೆ ಬೇಕು, ನಿಮ್ಮೊಬ್ಬರ ಕೈಯಲ್ಲಿಲ್ಲ, ಗೊತ್ತು. ಪ್ರಸ್ತಾವ ಕಳಿಸುವುದು ನಿಮ್ಮ ಕೈಯಲ್ಲಿದೆ. ಪರ್ಯಾಯ ಶಾಲೆಗಳು ತಮ್ಮ ಕಲಿಕಾ ಕ್ರಮ ಉಳಿಸಿಕೊಳ್ಳಲು ಪ್ರೋತ್ಸಾಹ ಕೊಡಬೇಕು ಅಂತ 2020ರ ರಾಷ್ಟ್ರೀಯ ನೀತಿಯಲ್ಲೇ ಬರೆದಿದ್ದಾರೆ. ರಾಜ್ಯ ಶಿಕ್ಷಣ ನೀತಿ ಆಯೋಗದ ವರದಿ 2025ರ ಆಗಸ್ಟ್‌ನಲ್ಲಿ ನಿಮ್ಮ ಸರ್ಕಾರಕ್ಕೆ ಬಂದಿದೆ. ಶಿಕ್ಷಕರ ತಯಾರಿಯ ಮಾತು ಹೇಗೂ ಮೇಜಿನ ಮೇಲಿದೆ.

ಅಷ್ಟರ ತನಕ ಕಾಯದೆ, ಯಾರ ಅಪ್ಪಣೆಯೂ ಬೇಡದೆ ನೀವು ಮಾಡಬಹುದಾದ ಒಂದು ಕೆಲಸ ಇದೆ. ಡಿ.ಎಲ್.ಎಡ್ ಮತ್ತು ಬಿ.ಎಡ್ ಎರಡರಲ್ಲೂ ಕನಿಷ್ಠ 20 ವಾರದ ಶಾಲಾ ಇಂಟರ್ನ್‌ಶಿಪ್ ಇದೆ. ಡಿ.ಎಲ್.ಎಡ್ ಪ್ರಶಿಕ್ಷಣಾರ್ಥಿಗಳನ್ನು ಯಾವ ಶಾಲೆಗೆ ಕಳಿಸಬೇಕು ಅನ್ನುವುದು ಡಯಟ್ ಮಟ್ಟದಲ್ಲೇ ತೀರ್ಮಾನವಾಗುತ್ತದೆ. ಅದರಲ್ಲಿ ನಾಲ್ಕು ವಾರ, ಮಾನ್ಯತೆ ಇರುವ ಪರ್ಯಾಯ ಶಾಲೆಗಳಿಗೆ ಕಳಿಸಿ. ಧಾರವಾಡದವರು ಅಲ್ಲಿನ ಬಾಲಬಳಗ ಶಾಲೆಗೆ ಹೋಗಲಿ, ಮೈಸೂರಿನವರು ಹೊಸಹಳ್ಳಿಯಲ್ಲಿ ಸ್ವಾಮಿ ವಿವೇಕಾನಂದ ಯೂತ್ ಮೂವ್‌ಮೆಂಟ್ ನಡೆಸುವ ಗಿರಿಜನ ಮಕ್ಕಳ ಶಾಲೆಗೆ ಹೋಗಲಿ. ಅಲ್ಲಿ ಕಾಡಂಚಿನ ಹಾಡಿಯ ಮಕ್ಕಳ ಜೊತೆ ಕೂತು ಬರಲಿ. ಅವರೆಲ್ಲ ನಮ್ಮಲ್ಲೇ ಕೆಲಸಕ್ಕೆ ಸೇರಬೇಕು ಅಂತಿಲ್ಲ. ನೂರರಲ್ಲಿ ಐದು ಜನ ಮನಸ್ಸು ಮಾಡಿದರೂ ನಮಗೆ ಸಾಕು. ಉಳಿದವರು ಮುಂದೆ ಸರ್ಕಾರಿ ಶಾಲೆಗೆ ಹೋದಾಗ, ಮಕ್ಕಳು ಓಡಾಡುವ ತರಗತಿ ಕೆಟ್ಟ ತರಗತಿ ಏನಲ್ಲ ಅನ್ನುವುದಾದರೂ ತಿಳಿದಿರುತ್ತದೆ. ಹಾಗೆಯೇ ಗುರುಚೇತನ ಥರದ ತರಬೇತಿಗಳಲ್ಲಿ ಕುರ್ಚಿ ಖಾಲಿ ಇದ್ದರೆ ನಮ್ಮ ಶಿಕ್ಷಕರನ್ನೂ ಕೂರಿಸಿ. ಟಿಎ, ಡಿಎ ಏನೂ ಬೇಡ. ಒಮ್ಮೆ ನಾನು ಇಂಥದ್ದೇ ಒಂದು ತರಬೇತಿಗೆ ಸೇರಿಸಿಕೊಳ್ಳಿ ಅಂತ ಒಂದು ಕಚೇರಿಗೆ ಹೋದಾಗ "ನೀವು ಅನುದಾನರಹಿತ, ನಿಮಗೆ ಅವಕಾಶ ಇಲ್ಲ" ಅಂದರು. ತರಬೇತಿ ನಡೆಯುವ ಹಾಲ್‌ನಲ್ಲಿ ಅರ್ಧ ಬೆಂಚು ಖಾಲಿ ಇತ್ತು. ಕನ್ನಡದಲ್ಲಿ ಶಿಕ್ಷಕರಿಗೆ ಸಿಗುವ ಒಳ್ಳೆಯ ತರಬೇತಿಯೇ ಕಡಿಮೆ. ಇಂಗ್ಲಿಷ್ ಬರುವವರಿಗೆ ಬೆಂಗಳೂರಿನಲ್ಲಿ ಹತ್ತು ಬಾಗಿಲಿವೆ. ಹಳ್ಳಿಯ ಅಕ್ಕಂದಿರಿಗೆ ಡಯಟ್ ಒಂದೇ.

ಇನ್ನು ಉಳಿಸಿಕೊಳ್ಳುವ ವಿಷಯ. ಇದರಲ್ಲಿ ಸರ್ಕಾರಕ್ಕಿಂತ ನಮ್ಮ ಬಳಗಕ್ಕೇ ಹೇಳುವುದು ಜಾಸ್ತಿ ಇದೆ. ಪತ್ರ ಬಹಿರಂಗವಾದ್ದರಿಂದ ಅವರೂ ಓದಲಿ.

ಪರ್ಯಾಯ ಶಾಲೆ ನಡೆಸುವ ಟ್ರಸ್ಟಿಗಳೇ, ಸಂಬಳದ ಮಾತು ಬಂದಾಗ 'ಸೇವೆ' ಅನ್ನುವುದನ್ನು ದಯವಿಟ್ಟು ನಿಲ್ಲಿಸಿ. ಸ್ವಂತ ಮನೆ, ಬ್ಯಾಂಕಿನಲ್ಲಿ ದುಡ್ಡು ಇರುವ ಸಂಸ್ಥಾಪಕರು ಕಡಿಮೆ ಸಂಬಳ ತೆಗೆದುಕೊಳ್ಳುವುದಕ್ಕೂ, ಸಾಲದಲ್ಲಿ ಓದಿದ ಹುಡುಗಿ ಅದೇ ಸಂಬಳ ತೆಗೆದುಕೊಳ್ಳುವುದಕ್ಕೂ ವ್ಯತ್ಯಾಸ ಇದೆ. ಇಬ್ಬರಿಗೂ ಒಂದೇ ಸಂಬಳ ಅಂತ ನಾವು ಹೆಮ್ಮೆ ಪಡುತ್ತೇವೆ. ಸರ್ಕಾರಿ ಶಾಲೆಯ ಅತಿಥಿ ಶಿಕ್ಷಕರಿಗೆ ಕೊಡುವುದು ಕಡಿಮೆ ಅಂತ ನಾವೆಲ್ಲ ಮಾತಾಡುತ್ತೇವೆ. 2025ರ ಬಜೆಟ್‌ನಲ್ಲಿ ಅವರ ಗೌರವಧನ ತಿಂಗಳಿಗೆ 2,000 ರೂಪಾಯಿ ಏರಿತು. ನಮ್ಮ ಎಷ್ಟು ಶಾಲೆಗಳು ಅಷ್ಟಾದರೂ ಏರಿಸಿದವು?

ಪಿಎಫ್ ಕಡ್ಡಾಯವಾಗುವುದು 20 ಜನ ಕೆಲಸಗಾರರಿದ್ದರೆ, ಗ್ರಾಚ್ಯುಟಿ 10 ಜನರಿದ್ದರೆ. ನಮ್ಮ ಬಹಳಷ್ಟು ಶಾಲೆಗಳಲ್ಲಿ ಅಷ್ಟು ಜನ ಇರುವುದಿಲ್ಲ. ಹಾಗಾಗಿ ಹದಿನೈದು ವರ್ಷ ಕಲಿಸಿದವರು ಬರಿಗೈಯಲ್ಲಿ ಹೋಗುತ್ತಾರೆ, ಒಂದು ಹಾರ, ಒಂದು ಪುಸ್ತಕ, ಮಕ್ಕಳು ಬರೆದ ಚಿತ್ರ. 20ಕ್ಕಿಂತ ಕಡಿಮೆ ಜನ ಇದ್ದರೂ, ಆಡಳಿತದವರು ಮತ್ತು ಹೆಚ್ಚಿನ ನೌಕರರು ಒಪ್ಪಿದರೆ ಪಿಎಫ್‌ಗೆ ಸ್ವಂತ ಇಷ್ಟದಿಂದ ಸೇರಬಹುದು. ಕಾನೂನು ಬೇಡ ಅನ್ನುವುದಿಲ್ಲ. ಸೇರಿ.

ದಾನಿಗಳ ಮಾತೂ ಇಲ್ಲೇ ಬರುತ್ತದೆ. ಸಿಎಸ್‌ಆರ್ ದುಡ್ಡಿನಲ್ಲಿ ಟ್ಯಾಬ್ಲೆಟ್ ಬರುತ್ತದೆ, ಕಾಂಪೌಂಡ್ ಬರುತ್ತದೆ, ಕಂಪನಿಯ ಹೆಸರಿನ ಬೋರ್ಡು ಬರುತ್ತದೆ. ಶಿಕ್ಷಕರ ಸಂಬಳಕ್ಕೆ ಕೇಳಿದರೆ "ಅದು ರಿಕರಿಂಗ್ ಖರ್ಚು ಮೇಡಂ" ಅನ್ನುತ್ತಾರೆ. ಶಾಲೆ ಅಂದರೆ ಅದೊಂದೇ ಖರ್ಚು ಸ್ವಾಮಿ, ಉಳಿದದ್ದೆಲ್ಲ ಮರದ ಕೆಳಗೂ ನಡೆಯುತ್ತದೆ. 2020ರಲ್ಲಿ ಎಫ್‌ಸಿಆರ್‌ಎಗೆ (ವಿದೇಶಿ ದೇಣಿಗೆ ಕಾಯ್ದೆಗೆ) ತಿದ್ದುಪಡಿ ಬಂದ ಮೇಲೆ ದೊಡ್ಡ ಸಂಸ್ಥೆಗಳು ವಿದೇಶಿ ದೇಣಿಗೆಯನ್ನು ನಮ್ಮಂಥ ಸಣ್ಣವರಿಗೆ ಹಂಚುವುದೂ ನಿಂತಿತು.

ದುಡ್ಡೊಂದೇ ಕಾರಣ ಅಂತಲೂ ನಾನು ಹೇಳುವುದಿಲ್ಲ. ಬಿಟ್ಟು ಹೋದವರ ಜೊತೆ ಮಾತಾಡಿದರೆ ಇನ್ನೊಂದು ದೂರು ಕೇಳುತ್ತದೆ. ಎಲ್ಲರೂ ಸೇರಿ ತೀರ್ಮಾನ ಮಾಡುತ್ತೇವೆ ಅಂತ ಸಂಜೆ ಏಳರ ತನಕ ಮೀಟಿಂಗ್ ಮಾಡುತ್ತೇವೆ. ಕೊನೆಗೆ ನಡೆಯುವುದು ಸಂಸ್ಥಾಪಕರು ಮೊದಲೇ ಅಂದುಕೊಂಡದ್ದು. ಎಷ್ಟು ವರ್ಷವಾದರೂ ಕಿರಿಯರು ಕಿರಿಯರೇ. ಹತ್ತು ವರ್ಷ ಕಲಿಸಿದವರಿಗೆ ಹೊಸಬರನ್ನು ತಯಾರು ಮಾಡುವ ಕೆಲಸ ಕೊಡಿ, ಅದಕ್ಕೆ ವಾರದಲ್ಲಿ ಸಮಯ ಬಿಡಿ, ಅದಕ್ಕೆ ಬೇರೆ ಸಂಬಳ ಕೊಡಿ. ನಾಲ್ಕು ಶಾಲೆ ಸೇರಿ ಶಿಕ್ಷಕರನ್ನು ಒಂದೊಂದು ಟರ್ಮ್ ಅದಲು ಬದಲು ಮಾಡಿಕೊಂಡರೆ ಒಂಟಿತನವೂ ಕಡಿಮೆಯಾಗುತ್ತದೆ. ಸಣ್ಣ ಶಾಲೆಯಲ್ಲಿ ಒಂಟಿತನ ದೊಡ್ಡ ಕಷ್ಟ. ಅದನ್ನು ಯಾರೂ ರಾಜೀನಾಮೆ ಪತ್ರದಲ್ಲಿ ಬರೆಯುವುದಿಲ್ಲ.

ಸಚಿವರೇ, ನಿಮ್ಮ ಕಡೆಗೆ ವಾಪಸ್. ಮಾನ್ಯತೆ ನವೀಕರಣದ ಫೈಲ್ ಬಂದಾಗ ಅಧಿಕಾರಿಗಳು ಮೊದಲು ನೋಡುವುದು ಡಿ.ಎಲ್.ಎಡ್, ಟಿಇಟಿ ಸರ್ಟಿಫಿಕೇಟುಗಳನ್ನು. ನೋಡಲಿ. ಅದೇ ಫೈಲಿನಲ್ಲಿ ಇನ್ನೊಂದು ಪ್ರಶ್ನೆ ಸೇರಿಸಿ: ಹೊಸ ಶಿಕ್ಷಕರು ಬಂದರೆ ಮೊದಲ ವರ್ಷ ಅವರ ಪಕ್ಕದಲ್ಲಿ ಯಾರು ಕೂರುತ್ತಾರೆ? ಇದನ್ನು ನಮಗೆ ಮಾತ್ರ ಕೇಳಬೇಡಿ. ನಗರದ ದೊಡ್ಡ ಖಾಸಗಿ ಶಾಲೆಗಳನ್ನೂ ಕೇಳಿ, ನಿಮ್ಮ ಸರ್ಕಾರಿ ಶಾಲೆಗಳನ್ನೂ ಕೇಳಿ.

ಇಂಟರ್ನ್‌ಶಿಪ್‌ಗೆ ಶಾಲೆಗಳ ಪಟ್ಟಿ ಈ ವರ್ಷವೂ ತಯಾರಾಗುತ್ತದೆ. ಆಸಕ್ತಿ ಇರುವ, ಮಾನ್ಯತೆ ಇರುವ ಪರ್ಯಾಯ ಶಾಲೆಗಳು ಹೆಸರು ಕೊಡಬಹುದು ಅಂತ ಡಿಎಸ್‌ಇಆರ್‌ಟಿ ಒಂದು ಸುತ್ತೋಲೆ ಹೊರಡಿಸಿದರೆ ಸಾಕು. ಒಂದು ಪುಟ ಸಾಕಾಗುತ್ತದೆ. ಮೊದಲ ವರ್ಷ ಎರಡೋ ಮೂರೋ ಜಿಲ್ಲೆಯಲ್ಲಿ ಮಾಡಿ ನೋಡಿ. ಬರುವ ಪ್ರಶಿಕ್ಷಣಾರ್ಥಿಗಳಿಗೆ ಊಟ, ವಸತಿ ನಾವು ನೋಡಿಕೊಳ್ಳುತ್ತೇವೆ. ಅವರ ಜೊತೆ ಬರುವ ಡಯಟ್ ಉಪನ್ಯಾಸಕರಿಗೂ ಜಾಗ ಇದೆ. ಅವರು ನಮ್ಮ ತಪ್ಪುಗಳನ್ನು ಬರೆದುಕೊಂಡು ಹೋದರೂ ಪರವಾಗಿಲ್ಲ, ಒಂದು ಪ್ರತಿ ನಮಗೂ ಕೊಡಲಿ.

ಇಂತಿ,
ಗ್ರಾಮೀಣ ಪರ್ಯಾಯ ಶಾಲೆಯ ಒಬ್ಬ ಶಿಕ್ಷಕಿ